ಕ್ಲಿನಿಕ್ ಬಾಗಿಲು ಹಾಕಿದರೂ ಮಾತ್ರೆ ನಿಲ್ಲಬಾರದು

2020ರ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಆದಾಗ, ಮದ್ಯದಂಗಡಿ ಮುಚ್ಚಿ ಕೈಕಾಲು ನಡುಕ ಬಂದವರ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಸಾಕಷ್ಟು ಬಂತು. ಇನ್ನೊಂದು ಗುಂಪಿನ ಪಾಡು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಹೆರಾಯಿನ್, ಟ್ರಮಡಾಲ್, ನೋವಿನ ಇಂಜೆಕ್ಷನ್ ಮುಂತಾದ ಓಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ಮಾದಕಗಳ ಚಟದಿಂದ ಹೊರಬಂದು, ದಿನವೂ ನಾಲಿಗೆಯಡಿ ಒಂದು ಮಾತ್ರೆ ಇಟ್ಟುಕೊಂಡು ಸಂಸಾರ, ಕೆಲಸ ಎಂದು ನೆಮ್ಮದಿಯಾಗಿದ್ದವರು ಇವರು. ಚಿಕಿತ್ಸಾ ಕೇಂದ್ರಕ್ಕೆ ಹೋಗಲು ಬಸ್ಸಿಲ್ಲ, ಹೋದರೂ ಬಾಗಿಲು ತೆರೆದಿರುತ್ತದೆಂಬ ಖಾತ್ರಿಯಿಲ್ಲ. ಆಗ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ದಿನಾ ಬಂದು ಸಿಬ್ಬಂದಿಯ ಎದುರೇ ಮಾತ್ರೆ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಸಡಿಲಿಸಿ, ಕೆಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲು ಒಪ್ಪಿತು.

ಲಾಕ್‌ಡೌನ್ ಮುಗಿಯಿತು. ಆದರೆ ಕ್ಲಿನಿಕ್ ಮುಚ್ಚುವುದಕ್ಕೆ ಮಹಾಮಾರಿಯೇ ಬರಬೇಕೆಂದಿಲ್ಲ. ವೈದ್ಯರಿಗೆ ವರ್ಗವಾಗುತ್ತದೆ, ಸಂಸ್ಥೆಯ ಅನುದಾನ ನಿಲ್ಲುತ್ತದೆ, ಪರವಾನಗಿ ನವೀಕರಣವಾಗುವುದಿಲ್ಲ, ಕಟ್ಟಡದ ಮಾಲೀಕ ಖಾಲಿ ಮಾಡಿಸುತ್ತಾನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಈ ಚಿಕಿತ್ಸೆ ಹೆಚ್ಚಾಗಿ ಒಬ್ಬ ಮನೋವೈದ್ಯರ ಮೇಲೆ ನಿಂತಿರುತ್ತದೆ. ಅವರು ಹೋದರೆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಅಂಥ ದಿನ ಬಂದರೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಏನನ್ನು ಮಾಡಲೇಬಾರದು ಎಂಬುದು ಈ ಲೇಖನದ ವಿಷಯ.

ನಿಲ್ಲಿಸಿದರೆ ಏನಾಗುತ್ತದೆ

ಈ ಚಿಕಿತ್ಸೆಯಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬುಪ್ರಿನಾರ್ಫಿನ್. ಒಂಟಿಯಾಗಿ ಇಲ್ಲವೇ ನಲೋಕ್ಸೋನ್ ಜೊತೆ ಸೇರಿಸಿ ಕೊಡುತ್ತಾರೆ. ನೀರು ಕುಡಿದು ನುಂಗುವ ಮಾತ್ರೆ ಇದಲ್ಲ. ನಾಲಿಗೆಯಡಿ ಇಟ್ಟುಕೊಂಡು, ಮಾತಾಡದೆ, ಉಗುಳು ನುಂಗದೆ ಐದು ಹತ್ತು ನಿಮಿಷ ಕರಗಲು ಬಿಡಬೇಕು. ಕೇಂದ್ರಗಳಲ್ಲಿ ಕೆಲವೊಮ್ಮೆ ಪುಡಿ ಮಾಡಿಯೇ ನಾಲಿಗೆಯಡಿ ಹಾಕುತ್ತಾರೆ. ಮೆಥಡೋನ್ ಎಂಬ ದ್ರವೌಷಧವೂ ಇದೆ, ನಲ್ಟ್ರೆಕ್ಸೋನ್ ಎಂಬ ಬೇರೆ ಬಗೆಯ ಮಾತ್ರೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬುಪ್ರಿನಾರ್ಫಿನ್ ಮತ್ತು ಮೆಥಡೋನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹೆರಾಯಿನ್ ಬಿಟ್ಟವರಿಗೆ ಅರ್ಧ ದಿನ ಕಳೆಯುವ ಹೊತ್ತಿಗೇ ಮೈಕೈ ನೋವು, ಮೂಗು ಸೋರುವುದು, ಬೇಧಿ, ನಿದ್ದೆಯಿಲ್ಲದಿರುವುದು ಶುರುವಾಗುತ್ತದೆ. ಬುಪ್ರಿನಾರ್ಫಿನ್ ಮೈಯಲ್ಲಿ ಬಹಳ ಹೊತ್ತು ಉಳಿಯುವ ಔಷಧಿ, ಹಾಗಾಗಿ ಅದು ತಪ್ಪಿದ ಮೊದಲ ದಿನ ಏನೂ ಅನ್ನಿಸದಿರಬಹುದು. ಮೋಸ ಇರುವುದು ಅಲ್ಲೇ. ‘ನೋಡಿ, ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದಾನೆ’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎರಡನೇ ಮೂರನೇ ದಿನಕ್ಕೆ ಅಂಥದೇ ಸಂಕಟ, ಅಂದರೆ ವಿತ್‌ಡ್ರಾವಲ್ ಶುರುವಾಗಿ ವಾರಗಟ್ಟಲೆ ಎಳೆಯುತ್ತದೆ. ಆಗ ಹಳೇ ಸ್ನೇಹಿತನ ಫೋನ್ ನಂಬರ್ ನೆನಪಾಗುತ್ತದೆ.

ನಿಜವಾದ ಅಪಾಯ ಈ ಸಂಕಟವಲ್ಲ, ಅದರ ನಂತರದ್ದು. ಚಿಕಿತ್ಸೆ ಬಿಟ್ಟ ಕೆಲವೇ ದಿನಗಳಲ್ಲಿ, ಹಿಂದೆ ತಡೆದುಕೊಂಡಿದ್ದ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ದೇಹಕ್ಕೆ ಇಳಿದುಹೋಗಿರುತ್ತದೆ. ಆಗ ಹಳೇ ಪ್ರಮಾಣದಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯ ಲೆಕ್ಕ ನೋಡಿ. ಬುಪ್ರಿನಾರ್ಫಿನ್ ಪಡೆಯುತ್ತಿರುವ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು 4.3 ಸಾವು, ಚಿಕಿತ್ಸೆ ಬಿಟ್ಟವರಲ್ಲಿ 9.5. ಮೆಥಡೋನ್ ಪಡೆಯುವವರಲ್ಲಿ ಈ ಅಂತರ ಇನ್ನೂ ಹೆಚ್ಚು, 11.3 ಮತ್ತು 36.1. ಆದ್ದರಿಂದ ‘ಹೇಗೂ ಕ್ಲಿನಿಕ್ ಮುಚ್ಚಿತಲ್ಲ, ಇದೇ ನೆಪದಲ್ಲಿ ಪೂರ್ತಿ ಬಿಟ್ಟುಬಿಡೋಣ’ ಎಂಬ ಮಾತು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ಅಪಾಯದ ಮಾತು. ಶುಗರ್ ಇರುವ ಅಪ್ಪನ ಡಾಕ್ಟರು ಊರು ಬಿಟ್ಟರೆಂದು ಅಪ್ಪನ ಮಾತ್ರೆ ನಿಲ್ಲಿಸುವವರು ಯಾರಿದ್ದಾರೆ?

ಗರ್ಭಿಣಿಯರ ವಿಷಯದಲ್ಲಂತೂ ಏಕಾಏಕಿ ನಿಲ್ಲಿಸಲೇಬಾರದು. ಸ್ತ್ರೀರೋಗ ತಜ್ಞರಿಗೆ ಹೇಳಲು ನಾಚಿಕೆಯಾದರೂ ಹೇಳಬೇಕು. ಕ್ಲಿನಿಕ್ ಮುಚ್ಚಿದ್ದಕ್ಕಿಂತ ಮುಚ್ಚಿಟ್ಟ ವಿಷಯದಿಂದ ಮಗುವಿಗೆ ಹೆಚ್ಚು ತೊಂದರೆ.

ಸುದ್ದಿ ತಿಳಿದ ದಿನವೇ

ಮೊದಲು ಮನೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂದು ಎಣಿಸಿ. ಉಳಿದಿರುವುದನ್ನು ಹೆಚ್ಚು ದಿನ ಬರಲೆಂದು ಅರ್ಧ ಮಾಡಿ ತೆಗೆದುಕೊಳ್ಳುವುದು ಎಲ್ಲರಿಗೂ ಹೊಳೆಯುವ ಉಪಾಯ. ವೈದ್ಯರನ್ನು ಕೇಳದೆ ಅದನ್ನು ಮಾಡಬೇಡಿ. ಅವರು ಲೆಕ್ಕ ಹಾಕಿ ಕಡಿಮೆ ಮಾಡಿದರೆ ಅದು ಚಿಕಿತ್ಸೆ, ನಾವೇ ಮಾಡಿದರೆ ಅರೆಬರೆ ಹೊಟ್ಟೆಯ ಉಪವಾಸ.

ಎರಡನೆಯದು ಕಾಗದ. ಬಾಗಿಲಿಗೆ ಬೀಗ ಬೀಳುವ ಮೊದಲೇ ನಿಮ್ಮ ಫೈಲಿನ ಪ್ರತಿ ಕೈಗೆ ಬರಬೇಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮು ಕೂಡ ಚಿಕಿತ್ಸಾ ದಾಖಲೆ ನೋಡುವ ಹಕ್ಕನ್ನು ಕೊಡುತ್ತದೆ. ಆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬಂದ ಮಾನಸಿಕ ತೊಂದರೆಗಳೂ ಸೇರಿವೆ ಎಂಬುದು ಕ್ಲಿನಿಕ್ ನಡೆಸುವ ಕೆಲವರಿಗೇ ಮರೆತುಹೋಗಿರುತ್ತದೆ.

ಬಾಯಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಬರೆದು ಕೊಟ್ಟರೆ ಕೆಲಸವಾಗುತ್ತದೆ. ಹೀಗೆ ಬರೆದರೆ ಸಾಕು:

‘ಮಾನ್ಯರೇ, ನಾನು ನಿಮ್ಮಲ್ಲಿ ಓಪಿಯಾಯ್ಡ್ ಅವಲಂಬನೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ನನ್ನ ಫೈಲ್ ಸಂಖ್ಯೆ ಇಷ್ಟು. ಕ್ಲಿನಿಕ್ ಮುಚ್ಚುತ್ತಿರುವುದರಿಂದ ಚಿಕಿತ್ಸೆಯನ್ನು ಬೇರೆಡೆ ಮುಂದುವರಿಸಬೇಕಾಗಿದೆ. ಔಷಧಿಯ ಹೆಸರು, ಪ್ರಮಾಣ, ಕೊನೆಯ ಬಾರಿ ಕೊಟ್ಟ ದಿನಾಂಕ, ಪರೀಕ್ಷಾ ವರದಿಗಳು ಸೇರಿದಂತೆ ನನ್ನ ಚಿಕಿತ್ಸಾ ಸಾರಾಂಶ ಮತ್ತು ಮುಂದಿನ ವೈದ್ಯರಿಗೆ ಒಂದು ಪತ್ರ ನೀಡಬೇಕಾಗಿ ವಿನಂತಿ.’

ಕೆಳಗೆ ಸಹಿ, ದಿನಾಂಕ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಎಂದು ಸೀಲು ಹಾಕಿಸಿಕೊಳ್ಳಿ. ವೈದ್ಯರ ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ‘ಮಾತ್ರೆ ಮುಂದುವರಿಸಿ’ ಎಂದಷ್ಟೇ ಬರೆದ ಪತ್ರದಿಂದ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ, ಜೊತೆಗೆ ಬೇರೆ ಯಾವ ಮಾತ್ರೆ, ವೈದ್ಯರ ಹೆಸರು ಮತ್ತು ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಲೇಬೇಕು. ಎಲ್ಲದರ ಫೋಟೊವನ್ನು ನಿಮ್ಮ ಫೋನಿನಲ್ಲೂ, ಮನೆಯ ಒಬ್ಬರ ಫೋನಿನಲ್ಲೂ ಇಡಿ.

ಕ್ಲಿನಿಕ್ ಆಗಲೇ ಬೀಗ ಹಾಕಿ ಯಾರೂ ಸಿಗದಿದ್ದರೆ? ಖಾಲಿ ಸ್ಟ್ರಿಪ್, ಹಳೇ ಚೀಟಿ, ಔಷಧಿ ಕೊಟ್ಟಾಗ ಸಹಿ ಹಾಕಿಸಿಕೊಂಡ ಕಾರ್ಡು, ಏನಿದೆಯೋ ಅದನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೊರಡಿ. ಖಾಸಗಿ ಕ್ಲಿನಿಕ್ ಆಗಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ದೂರು ಅಲ್ಲಿಗೆ ಕೊಡಬಹುದು. ಆದರೆ ದೂರು ನಂತರದ ಮಾತು. ಮೊದಲು ಮಾತ್ರೆ.

ನಾಲ್ಕು ಊರಿನಿಂದ ಎಲ್ಲಿಗೆ

ಬುಪ್ರಿನಾರ್ಫಿನ್ ಅನ್ನು ರಾಮನಗರದ ಐಜೂರಿನ ಮೆಡಿಕಲ್ ಶಾಪ್‌ನಲ್ಲಿ ಚೀಟಿ ತೋರಿಸಿ ತರುತ್ತೇವೆಂದರೆ ಆಗುವುದಿಲ್ಲ. ವ್ಯಸನಮುಕ್ತಿ ಚಿಕಿತ್ಸೆಗಾಗಿ ಅದು ಆಸ್ಪತ್ರೆ ಮತ್ತು ಕೇಂದ್ರಗಳ ಮೂಲಕವೇ ಸಿಗುವ ಔಷಧಿ. ಫೋನಿನಲ್ಲಿ ಮಾತಾಡಿ ಬರೆಸಿಕೊಳ್ಳುವುದೂ ಆಗದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಔಷಧಿಗಳನ್ನು ಫೋನು, ವಿಡಿಯೊ ಮೂಲಕ ಬರೆಯುವುದನ್ನು ನಿಷೇಧಿಸಿದೆ. ಅಂದರೆ ಹೊಸ ವೈದ್ಯರ ಎದುರು ರೋಗಿಯೇ ಹೋಗಿ ಕೂರಬೇಕು.

ಮೊದಲ ನಿಲ್ದಾಣ ನಿಮ್ಮ ತಾಲೂಕು ಆಸ್ಪತ್ರೆ. ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಮನೋವೈದ್ಯರು ಸರದಿಯಂತೆ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿ, ಏಕೆಂದರೆ ತಪ್ಪಿದರೆ ಮುಂದಿನ ಸರದಿಯವರೆಗೆ ಕಾಯಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜಿಗೆ ನಿಲ್ಲಬೇಕಾದ ರೀಲರ್‌ಗೆ ಮಂಗಳವಾರ ಬೆಳಿಗ್ಗೆಯ ಒಪಿಡಿ ಎಂದರೆ ಒಂದು ದಿನದ ವ್ಯಾಪಾರ ಹೋದಂತೆ. ಆದರೂ ಮೊದಲ ಭೇಟಿಗೆ ಹೋಗಲೇಬೇಕು. ಮುಂದಿನವುಗಳಿಗೆ ಅನುಕೂಲದ ಹೊತ್ತು ಕೇಳಬಹುದು.

ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವನ್ನು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ ಸಿಗುತ್ತದೆ ಎಂಬುದೂ ಅಲ್ಲಿ ತಿಳಿಯುತ್ತದೆ. ಈ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ. ನೇರವಾಗಿ ಒಂದೇ ಪ್ರಶ್ನೆ ಕೇಳಿ: ‘ಬುಪ್ರಿನಾರ್ಫಿನ್ ಇಲ್ಲಿ ಸಿಗುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಬರೆದು ಕೊಡುತ್ತೀರಿ?’ ಬರೆದುಕೊಟ್ಟ ರೆಫರಲ್ ಚೀಟಿ ದೊಡ್ಡ ಆಸ್ಪತ್ರೆಯಲ್ಲಿ ನಿಮ್ಮ ಅರ್ಧ ದಿನ ಉಳಿಸುತ್ತದೆ. ಅಂದಹಾಗೆ, 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಗಿದೆ. ಬೋರ್ಡು, ವೆಬ್‌ಸೈಟು, ಜನರ ಬಾಯಿ ಇನ್ನೂ ಎರಡು ಹೆಸರಲ್ಲಿ ಓಡಾಡುತ್ತಿರುವುದರಿಂದ ಅರ್ಜಿಯಲ್ಲಿ ಎರಡನ್ನೂ ಬರೆದರೆ ಗೊಂದಲವಿಲ್ಲ.

ಜಿಲ್ಲೆಯಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ವ್ಯಸನ ಚಿಕಿತ್ಸಾ ಕೇಂದ್ರ 1990ರ ದಶಕದಿಂದಲೂ ಈ ಕೆಲಸ ಮಾಡುತ್ತಿದೆ, ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಬಿಪಿಎಲ್ ಕಾರ್ಡು, ಆಧಾರ್, ಹಳೇ ಫೈಲು ಒಯ್ಯಿರಿ. ಹಿಂದೆ ಎಂದೋ ಅಲ್ಲಿ ತೋರಿಸಿದ್ದರೆ ಆ ನೋಂದಣಿ ಸಂಖ್ಯೆಯನ್ನು ಹುಡುಕಿಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಕನಕಪುರದ ಬಸ್ಸಿನಲ್ಲಿ ಬಂದರೆ ಬನಶಂಕರಿಯಲ್ಲಿ ಇಳಿದು ಬಸ್ಸು ಬದಲಿಸಬಹುದು. ಮಾಗಡಿಗೆ ರೈಲೂ ಇಲ್ಲ, ಮೆಟ್ರೋ ದೂರ. ಅಲ್ಲಿನವರಿಗೇ ಈ ಪ್ರಯಾಣ ಅತಿ ಕಷ್ಟ, ಬಸ್ಸನ್ನೇ ನಂಬಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ ಉಚಿತ. ಹಾಗಾಗಿ ಗಂಡಸು ರೋಗಿಗೆ ಟಿಕೆಟ್, ಜೊತೆಗೆ ಬರುವ ಅಮ್ಮ ಇಲ್ಲವೇ ಹೆಂಡತಿಗೆ ಬಸ್ಸಿನ ಖರ್ಚಿಲ್ಲ. ಜೊತೆಗೊಬ್ಬರನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಬೆಂಗಳೂರೇ ಆಗಬೇಕೆಂದೂ ಇಲ್ಲ. ಚನ್ನಪಟ್ಟಣದಿಂದ ನೋಡಿದರೆ ಮಂಡ್ಯ ಹತ್ತಿರ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕನಕಪುರದವರಿಗೆ ಹಾರೋಹಳ್ಳಿ ಬಳಿ, ರಾಮನಗರದವರಿಗೆ ಮೈಸೂರು ರಸ್ತೆಯ ಕೆಂಗೇರಿ, ಕಂಬೀಪುರದ ಕಡೆ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ವೈದ್ಯಕೀಯ ಕಾಲೇಜೆಂದ ಮೇಲೆ ಮನೋವೈದ್ಯ ವಿಭಾಗ ಇರುತ್ತದೆ. ಆದರೆ ಈ ಮಾತ್ರೆ ಅಲ್ಲಿ ಸಿಗುತ್ತದೆಯೇ ಎಂಬುದನ್ನು ಫೋನ್ ಮಾಡಿ ಕೇಳಿಯೇ ಹೊರಡಿ.

ದಾರಿ ತೋಚದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಇವರು ಮಾತ್ರೆ ಬರೆದು ಕೊಡುವುದಿಲ್ಲ, ಎಲ್ಲಿ ಸಿಗುತ್ತದೆ ಎಂದು ಹುಡುಕಲು ನೆರವಾಗುತ್ತಾರೆ.

ನಡುವೆ ಡೋಸು ತಪ್ಪಿದರೆ

ಒಂದೆರಡು ದಿನ ತಪ್ಪಿದ್ದರೆ ಸಾಮಾನ್ಯವಾಗಿ ವೈದ್ಯರು ಹಳೇ ಪ್ರಮಾಣವನ್ನೇ ಮುಂದುವರಿಸುತ್ತಾರೆ. ಐದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಹಳೇ ಡೋಸನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ. ವೈದ್ಯರು ಕಡಿಮೆಯಿಂದ ಮತ್ತೆ ಶುರು ಮಾಡಬೇಕಾಗಬಹುದು. ಮೆಥಡೋನ್ ಆದರೆ ಮೂರು ದಿನ ತಪ್ಪಿದರೂ ಈ ಎಚ್ಚರಿಕೆ ಬೇಕು.

ಈ ಮಧ್ಯೆ ಹೆರಾಯಿನ್ ಅಥವಾ ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಎಷ್ಟು ಗಂಟೆಗೆ ತೆಗೆದುಕೊಂಡದ್ದು ಎಂಬುದನ್ನೂ ಹೇಳಿ. ಅದು ಮೈಯಿಂದ ಇಳಿಯುವ ಮೊದಲೇ ಬುಪ್ರಿನಾರ್ಫಿನ್ ಕೊಟ್ಟರೆ ಅರ್ಧ ಗಂಟೆಯಲ್ಲೇ ವಿಪರೀತ ವಿತ್‌ಡ್ರಾವಲ್ ಎದ್ದುಬಿಡುತ್ತದೆ. ಅದನ್ನು ಒಮ್ಮೆ ಅನುಭವಿಸಿದವನು ‘ಈ ಮಾತ್ರೆಯೇ ಬೇಡ’ ಎಂದು ಓಡುತ್ತಾನೆ. ಇಂಥ ಸುಳ್ಳಿನಿಂದ ಚಿಕಿತ್ಸೆಯೇ ಕೆಟ್ಟುಹೋಗುತ್ತದೆ. ವೈದ್ಯರು ಪೊಲೀಸರಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮಿನ ಪ್ರಕಾರ ಅವರ ಹೊಣೆ.

ನಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿದ್ದವರ ಕತೆ ಬೇರೆ. ಅದನ್ನು ನಿಲ್ಲಿಸಿದರೆ ವಿತ್‌ಡ್ರಾವಲ್ ಆಗುವುದಿಲ್ಲ. ಆದರೆ ಅದರ ತಡೆ ಹೋದ ಮೇಲೆ ಹಳೇ ಪ್ರಮಾಣದ ಒಂದು ಡೋಸ್ ಸಾಕು ಪ್ರಾಣ ಹೋಗಲು. ಹೆಪಟೈಟಿಸ್, ಎಚ್‌ಐವಿ ಔಷಧಿಗಳೂ ಅದೇ ಕ್ಲಿನಿಕ್‌ನಿಂದ ಬರುತ್ತಿದ್ದರೆ ಅವನ್ನು ಬೇರೆಯಾಗಿ ಕೇಳಿ ಮುಂದುವರಿಸಿ.

ಮದ್ಯ, ನಿದ್ದೆ ಮಾತ್ರೆಗಳ ಜೊತೆ ಬುಪ್ರಿನಾರ್ಫಿನ್, ಮೆಥಡೋನ್ ಬೆರೆಸುವುದು ಉಸಿರಿಗೆ ಸಂಚಕಾರ. ಮೆಡಿಕಲ್ ಶಾಪಿನ ಹುಡುಗನ ಸಲಹೆಯಂತೆ ಟ್ರಮಡಾಲ್, ಟ್ಯಾಪೆಂಟಡಾಲ್ ನುಂಗಿ ‘ದಿನ ದೂಡುವುದು’ ಚಿಕಿತ್ಸೆಯಲ್ಲ, ಹಳೇ ಚಟವೇ ಬೇರೆ ಕವರಿನಲ್ಲಿ ಬಂದದ್ದು. 2018ರಿಂದ ಟ್ರಮಡಾಲ್ ಕೂಡ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ ಎಂಬುದು ನೆನಪಿರಲಿ.

ಉಸಿರು ನಿಧಾನವಾಗಿ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎಷ್ಟು ಅಲ್ಲಾಡಿಸಿದರೂ ಏಳದಿರುವುದು, ಇವು ಓವರ್‌ಡೋಸ್ ಲಕ್ಷಣ. 108ಕ್ಕೆ ಕರೆ ಮಾಡಿ ‘ಉಸಿರು ನಿಲ್ಲುತ್ತಿದೆ, ಓಪಿಯಾಯ್ಡ್ ಓವರ್‌ಡೋಸ್’ ಎಂದೇ ಹೇಳಿ. ಇದಕ್ಕೆ ನಲೋಕ್ಸೋನ್ ಎಂಬ ಇಂಜೆಕ್ಷನ್ ಇದೆ, ಆಸ್ಪತ್ರೆಯಲ್ಲಿ ಕೊಡುತ್ತಾರೆ. ಅಲ್ಲಿಯವರೆಗೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಒಬ್ಬರಾದರೂ ಪಕ್ಕದಲ್ಲೇ ಇದ್ದು ಉಸಿರು ಗಮನಿಸಿ. ನಿಂಬೆ ರಸ, ಮಜ್ಜಿಗೆ, ಉಪ್ಪು ನೀರು ಯಾವುದನ್ನೂ ಬಾಯಿಗೆ ಹಾಕಬೇಡಿ. ಪ್ರಜ್ಞೆ ಇಲ್ಲದವನಿಗೆ ಅದು ಶ್ವಾಸಕೋಶಕ್ಕೇ ಇಳಿಯುತ್ತದೆ.

ಗೋಡೆ ಬರಹದ ಮಾತು ನಂಬಬೇಡಿ

ಕ್ಲಿನಿಕ್ ಮುಚ್ಚಿದ ಸುದ್ದಿ ಹಬ್ಬಿದರೆ ಕರೆಗಳು ಬರಲು ತಡವಾಗುವುದಿಲ್ಲ. ‘ಒಂದೇ ವಾರದಲ್ಲಿ ಬಿಡಿಸುತ್ತೇವೆ’, ‘ಊಟದಲ್ಲಿ ಬೆರೆಸಿ ಕೊಡಿ, ಗೊತ್ತೇ ಆಗುವುದಿಲ್ಲ’. ಮನೆಯಿಂದ ಎತ್ತಿಕೊಂಡು ಹೋಗಿ ಕೂಡಿಹಾಕುವ ‘ಸೆಂಟರ್’ಗಳೂ ಇವೆ. ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ, ಸರಪಳಿ ಹಾಕುವುದು ಕಾನೂನುಬಾಹಿರ. ಆದ್ದರಿಂದ ನೋಂದಣಿ ಪತ್ರ ಕೇಳಿ, ಅಲ್ಲಿಗೆ ಬರುವ ಮನೋವೈದ್ಯರ ಹೆಸರು ಕೇಳಿ. ಬುಪ್ರಿನಾರ್ಫಿನ್ ತೆಗೆದುಕೊಳ್ಳುತ್ತಿದ್ದವನನ್ನು ಕೂಡಿಹಾಕಿ ಮಾತ್ರೆ ಕಿತ್ತುಕೊಂಡು ಒಂದು ತಿಂಗಳ ನಂತರ ‘ಗುಣವಾಯಿತು’ ಎಂದು ಕಳಿಸಿದರೆ, ಅವನು ಹೊರಬಂದ ದಿನವೇ ಸಾವಿಗೆ ಅತಿ ಹತ್ತಿರ ಇರುತ್ತಾನೆ. ಸಾಲ ಮಾಡಿ ಇಂಥ ಕಡೆ ಹಣ ಕಟ್ಟುವ ಮೊದಲು ತಾಲೂಕು ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕೇಳಿ.

ಕಾನೂನಿನ ಎರಡು ಮಾತು

ಚಿಕಿತ್ಸೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ವಾಸ್ತವ ಬೇರೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುತ್ತಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ವಿನಾಯಿತಿ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ವಿನಾಯಿತಿ ಹೋಗಬಹುದು. ಕ್ಲಿನಿಕ್ ಮುಚ್ಚಿದ್ದರಿಂದ ನಿಂತಿತೇ ಹೊರತು ನಾನಾಗಿ ಬಿಟ್ಟಿಲ್ಲ ಎಂದು ತೋರಿಸಲು ಮೇಲೆ ಹೇಳಿದ ಅರ್ಜಿಯ ಸೀಲು ಹಾಕಿದ ಪ್ರತಿಯೇ ಆಧಾರ. ಮನೆಗೆ ಒಯ್ಯುವ ಮಾತ್ರೆಗಳ ಜೊತೆ ವೈದ್ಯರ ಚೀಟಿ ಸದಾ ಇರಲಿ, ವಿಶೇಷವಾಗಿ ಬಸ್ಸಿನಲ್ಲಿ.

ಇನ್ನೊಂದು ಕಲಮು ಹೆಚ್ಚು ಜನರಿಗೆ ಗೊತ್ತಿಲ್ಲ. ಕನಿಷ್ಠ ಮಾನಸಿಕ ಆರೋಗ್ಯ ಸೇವೆ ಜಿಲ್ಲೆಯಲ್ಲಿ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಸೇವೆಯಿಂದ ಚಿಕಿತ್ಸೆ ಪಡೆದು ಅದರ ಖರ್ಚನ್ನು ಸರ್ಕಾರದಿಂದ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18(5)(ಎಫ್) ಕಲಮು ಕೊಡುತ್ತದೆ. ಒಬ್ಬರೇ ಕೇಳಿದರೆ ಕೆಲಸ ನಿಧಾನ. ಅದೇ ಕ್ಲಿನಿಕ್‌ನ ನಾಲ್ಕಾರು ಕುಟುಂಬಗಳು ಸೇರಿ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದರೆ ಕಡತ ಚಲಿಸುತ್ತದೆ. ಹೆಸರು ಬಹಿರಂಗವಾಗುತ್ತದೆಂಬ ಅಳುಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರ ಮೂಲಕ ಬರೆಸಬಹುದು.

ಕ್ಲಿನಿಕ್ ನಡೆಸುವ ವೈದ್ಯರಿಗೂ ಒಂದು ಬಿನ್ನಹ. ಬಾಗಿಲು ಹಾಕುವುದು ನಿಮ್ಮ ಹಕ್ಕು ಇರಬಹುದು, ಆದರೆ ಕನಿಷ್ಠ ಒಂದು ತಿಂಗಳು ಮೊದಲೇ ಬೋರ್ಡು ಹಾಕಿ. ಪ್ರತಿ ರೋಗಿಯ ಕೈಗೂ ಪ್ರಮಾಣ ಬರೆದ ಪತ್ರ ಕೊಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಫೋನ್ ಮಾಡಿ ಪಟ್ಟಿ ಒಪ್ಪಿಸಿ. ಓದುಗರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಈ ಚಿಕಿತ್ಸೆಯಲ್ಲಿರುವವರಿದ್ದರೆ, ಕ್ಲಿನಿಕ್ ಇನ್ನೂ ತೆರೆದಿರುವಾಗಲೇ ಈ ವಾರ ಅವರ ಜೊತೆ ಹೋಗಿ ಫೈಲಿನ ಪ್ರತಿ ತೆಗೆಸಿಕೊಡಿ.